ಸಣ್ಣ ರೀಫ್ ಟ್ಯಾಂಕಿಗೆ ಯಾವ ಅನೆಮೋನ್? ಕ್ಲೌನ್‌ಫಿಶ್ ಸಾಕುವ ಬೆಂಗಳೂರಿನವರಿಗೆ ಸಮಗ್ರ ಮಾರ್ಗದರ್ಶಿ

ಅನೆಮೋನ್ ಅಂದರೆ ಹೂವಿನಂತೆ ಕಾಣುವ, ಕುಟುಕುವ ಎಳೆಗಳಿರುವ ಸಮುದ್ರದ ಪ್ರಾಣಿ. ಕ್ಲೌನ್‌ಫಿಶ್ ಎಂಬ ಸಣ್ಣ ಮೀನು ಆ ಎಳೆಗಳ ನಡುವೆ ಮನೆ ಮಾಡುತ್ತದೆ. ಇವನ್ನು ಸಾಕುವ ಉಪ್ಪುನೀರಿನ ತೊಟ್ಟಿಯೇ ರೀಫ್ ಟ್ಯಾಂಕ್. ನಾನು ಮೊದಲ ಸಲ ಕೊಂಡ ಅನೆಮೋನ್ ಹಾಲಿನಷ್ಟು ಬೆಳ್ಳಗಿತ್ತು. ಎಳೆಗಳ ತುದಿಗೆ ಮಾತ್ರ ತಿಳಿ ನೇರಳೆ ಬಣ್ಣ. ಅಂಗಡಿಯ ನೀಲಿ ಲೈಟಿನ ಕೆಳಗೆ ಅದನ್ನು ನೋಡಿದ ಮೇಲೆ ಬೇರೆ ಯಾವುದರ ಮೇಲೂ ಕಣ್ಣು ಹೋಗಲಿಲ್ಲ. "ಸೀಬೆ ಅನೆಮೋನ್ ಸರ್, ಕ್ಲೌನ್‌ಗೆ ಇದೇ ಮನೆ" ಅಂದರು. ಮನೆಗೆ ತಂದು ಬಿಟ್ಟೆ. ಮೊದಲ ವಾರ ಚೆನ್ನಾಗಿಯೇ ಇತ್ತು. ಎರಡನೇ ವಾರ ದಿನದಿಂದ ದಿನಕ್ಕೆ ಚಿಕ್ಕದಾಗುತ್ತಾ ಬಂತು. ಮೂರನೇ ವಾರದಲ್ಲಿ ಒಂದು ಬೆಳಿಗ್ಗೆ ಟ್ಯಾಂಕಿನ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯಂಥ ವಾಸನೆ. ಅದರ ಜೊತೆ ಒಂದು ಕ್ಲೌನ್ ಮೀನೂ ಹೋಯಿತು.

ಅದು ಹಸಿದು ಬೆಳ್ಳಗಾಗಿತ್ತು ಅಂತ ನನಗೆ ತಿಳಿದದ್ದು ಆಮೇಲೆ. ಈ ಅನೆಮೋನ್‌ಗಳ ಮೈಯೊಳಗೆ ಜೂಕ್ಸಾಂತೆಲ್ಲೆ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸ ಮಾಡುತ್ತದೆ. ಬೆಳಕಿನಲ್ಲಿ ಅದು ಆಹಾರ ತಯಾರಿಸುತ್ತದೆ, ಅನೆಮೋನ್ ಅದನ್ನು ಹಂಚಿಕೊಂಡು ಬದುಕುತ್ತದೆ. ಕಂದು, ಹಸಿರು ಛಾಯೆ ಬರುವುದು ಹೆಚ್ಚಾಗಿ ಆ ಪಾಚಿಯಿಂದ. ಸಮುದ್ರದಿಂದ ಕಿತ್ತು, ಕತ್ತಲ ಪೆಟ್ಟಿಗೆಯಲ್ಲಿ ಸಾಗಿಸಿ, ಮಂದ ಬೆಳಕಿನ ತೊಟ್ಟಿಯಲ್ಲಿ ಇಟ್ಟಾಗ ಪಾಚಿ ಹೋಗುತ್ತದೆ. ಉಳಿಯುವುದು ಬಿಳಿ ಮೈ.

ಇಂಥ ತಪ್ಪು ನಿಮ್ಮ ಮನೆಯಲ್ಲಿ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳುವುದು ಇಷ್ಟೇ: ಅನೆಮೋನ್ ಆರಿಸುವಾಗ ಮೀನನ್ನು ನೋಡುವುದಕ್ಕಿಂತ ಮೊದಲು ನಿಮ್ಮ ಟ್ಯಾಂಕನ್ನು ನೋಡಿ.

ಮೀನಿಗೆ ಅನೆಮೋನ್ ಬೇಕೇ ಬೇಕಾ?

ಬೇಕಿಲ್ಲ. ಸಮುದ್ರದಲ್ಲಿ ಬೇಕು, ಅಲ್ಲಿ ದೊಡ್ಡ ಮೀನುಗಳ ಕಾಟ ಇದೆ. ನಮ್ಮ ಟ್ಯಾಂಕಿನಲ್ಲಿ ಅದನ್ನು ತಿನ್ನುವವರು ಯಾರೂ ಇಲ್ಲ. ಈಗ ಸಿಗುವ ಕ್ಲೌನ್ ಮೀನುಗಳಲ್ಲಿ ಬಹಳಷ್ಟು ತೊಟ್ಟಿಯಲ್ಲೇ ಹುಟ್ಟಿದವು. ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿ, ಪರಂಗಿಪೇಟೆಯ ಅಣ್ಣಾಮಲೈ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ಕೇಂದ್ರದಲ್ಲಿ ನಮ್ಮ ದೇಶದಲ್ಲೇ ಕ್ಲೌನ್ ಮರಿಗಳನ್ನು ಬೆಳೆಸಿದ್ದಾರೆ. ಇಂಥ ಮೀನು ಅನೆಮೋನ್ ಮುಖವನ್ನೇ ನೋಡದೆ ಹತ್ತು ವರ್ಷಕ್ಕೂ ಜಾಸ್ತಿ ಬದುಕಬಲ್ಲದು.

ಆದ್ದರಿಂದ ಅನೆಮೋನ್ ತರುವುದು ಮೀನಿಗೆ ಉಪಕಾರ ಅಂದುಕೊಳ್ಳಬೇಡಿ. ಇನ್ನೊಂದು ಪ್ರಾಣಿಯನ್ನು ಮನೆಗೆ ಕರೆತರುತ್ತಿದ್ದೀರಿ. ಮೀನಿಗಿಂತ ಅದನ್ನು ನೋಡಿಕೊಳ್ಳುವುದು ಕಷ್ಟ. ಆಯಸ್ಸೂ ಜಾಸ್ತಿ. ಸ್ಕಾಟ್ಲೆಂಡಿನಲ್ಲಿ ಜಾನ್ ಡಾಲ್ಯೆಲ್ ಎಂಬುವರು 1828ರಲ್ಲಿ ಸಮುದ್ರದ ದಡದಿಂದ ತಂದ ಒಂದು ಅನೆಮೋನ್ ಗಾಜಿನ ಜಾಡಿಯಲ್ಲಿ 1887ರವರೆಗೂ ಬದುಕಿತ್ತು. ಜನ ಅದನ್ನು 'ಅಜ್ಜಿ' ಅಂತಲೇ ಕರೆಯುತ್ತಿದ್ದರು. ಅದು ತಣ್ಣೀರಿನ ಬೇರೆ ಜಾತಿ, ನಿಜ. ಆದರೆ ಸರಿಯಾಗಿ ನೋಡಿಕೊಂಡರೆ ಈ ಜೀವಕ್ಕೆ ಎಷ್ಟು ಆಯಸ್ಸಿದೆ ಅಂತ ಅದರಿಂದ ಗೊತ್ತಾಗುತ್ತದೆ. ನನ್ನ ಟ್ಯಾಂಕಿನಲ್ಲಿ ಮೂರು ವಾರಕ್ಕೆ ಹೋದದ್ದು ಮುಪ್ಪಿನಿಂದ ಹೋದದ್ದಲ್ಲ.

ಹೆಜ್ಜೆ 1: ಟ್ಯಾಂಕಿನ ಅಳತೆ, ಟ್ಯಾಂಕಿನ ವಯಸ್ಸು

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನಾನು ಜಾಸ್ತಿ ನೋಡುವುದು 2 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್. ಲೆಕ್ಕ ಹಾಕಿದರೆ ಸುಮಾರು 127 ಲೀಟರ್. ಕಲ್ಲು, ಮರಳು ಹಾಕಿ, ಮೇಲೆ ಎರಡು ಇಂಚು ಬಿಟ್ಟರೆ ನಿಜವಾದ ನೀರು 100 ಲೀಟರ್ ಆಸುಪಾಸು. ಒಂದು ಅನೆಮೋನ್, ಒಂದು ಜೋಡಿ ಕ್ಲೌನ್‌ಗೆ ಇಷ್ಟು ಸಾಕು. ಇದಕ್ಕಿಂತ ತೀರಾ ಚಿಕ್ಕದಾದರೆ ಒಂದು ದಿನದ ಬಿಸಿಲಿಗೆ, ಒಂದು ಸಲ ಜಾಸ್ತಿ ಹಾಕಿದ ಊಟಕ್ಕೆ ನೀರು ಹದಗೆಡುತ್ತದೆ.

ಅಳತೆಗಿಂತ ಮುಖ್ಯವಾದದ್ದು ವಯಸ್ಸು. ಟ್ಯಾಂಕ್ ಶುರುವಾಗಿ ಕನಿಷ್ಠ 6 ತಿಂಗಳು ಆಗಿರಬೇಕು. ಒಂದು ವರ್ಷ ಕಾದರೆ ಇನ್ನೂ ಒಳ್ಳೆಯದು. ಗಲೀಜಿನಿಂದ ಹುಟ್ಟುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಸೊನ್ನೆ ಬಂತು ಅಂದ ಕೂಡಲೇ ಟ್ಯಾಂಕ್ ಪಕ್ವವಾಯಿತು ಅಂತಲ್ಲ. ಕಂದು ಪುಡಿಯಂಥ ಪಾಚಿ ಬಂದು ಹೋಗಬೇಕು, ಹಸಿರು ಕೂದಲಿನಂಥ ಪಾಚಿ ಬಂದು ಹೋಗಬೇಕು, ಕಲ್ಲಿನ ಮೇಲೆ ನೇರಳೆ ಬಣ್ಣದ ಗಟ್ಟಿ ಪಾಚಿ ಹಬ್ಬಲು ಶುರುವಾಗಬೇಕು. ಆ ನೇರಳೆ ಕಲೆಗಳೇ ನನಗೆ ಟೆಸ್ಟ್ ಕಿಟ್‌ಗಿಂತ ಹೆಚ್ಚು ಧೈರ್ಯ ಕೊಡುತ್ತವೆ.

ಸಂಖ್ಯೆಗಳನ್ನೂ ಬರೆದಿಟ್ಟುಕೊಳ್ಳಿ. ಉಪ್ಪುನೀರಿನ ಸಾಂದ್ರತೆ 1.025ರಿಂದ 1.026. ಉಷ್ಣತೆ 25ರಿಂದ 27 ಡಿಗ್ರಿ. ಪಿಎಚ್ 8.1ರಿಂದ 8.4. ಆಲ್ಕಲಿನಿಟಿ, ಅಂದರೆ ಪಿಎಚ್ ಅಲ್ಲಾಡದಂತೆ ಹಿಡಿಯುವ ಶಕ್ತಿ, 8ರಿಂದ 10 ಡಿಕೆಎಚ್ (ಅದನ್ನು ಅಳೆಯುವ ಮಾನ). ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಅಷ್ಟು ಭಾಗ. ನೈಟ್ರೇಟ್ 5ರಿಂದ 15 ಪಿಪಿಎಂ ಇದ್ದರೆ ಚಿಂತೆಯಿಲ್ಲ, ಪೂರಾ ಸೊನ್ನೆ ಮಾಡಲು ಹೋಗಬೇಡಿ. ಈ ಸಂಖ್ಯೆಗಳು ಒಂದು ತಿಂಗಳು ಪೂರ್ತಿ ಅಲ್ಲಾಡದೆ ನಿಂತಿದ್ದರೆ ಮುಂದಿನ ಹೆಜ್ಜೆಗೆ ಹೋಗಿ.

ಹೆಜ್ಜೆ 2: ನಮ್ಮೂರಿನ ನೀರು, ಬಿಸಿಲು, ಕರೆಂಟು

ಕಾವೇರಿ ನೀರು ಕುಡಿಯಲು ಚೆನ್ನಾಗಿದೆ, ಟ್ಯಾಂಕಿಗೆ ಆಗುವುದಿಲ್ಲ. ಅದರಲ್ಲಿ ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ನೀರು ಇನ್ನೂ ಗಡುಸು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಒಣಗಿ ಎಲ್ಲರೂ ಟ್ಯಾಂಕರ್ ನೀರಿಗೆ ಬಿದ್ದೆವಲ್ಲ, ಆಗ ನಮ್ಮ ಮನೆಗೆ ಬಂದ ಎರಡು ಲೋಡಿನ ಟಿಡಿಎಸ್‌ಗೆ, ಅಂದರೆ ನೀರಿನಲ್ಲಿ ಕರಗಿರುವ ಲವಣದ ಪ್ರಮಾಣಕ್ಕೆ, ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಅದಕ್ಕೇ ಆರ್‌ಒ ಜೊತೆಗೆ, ಉಳಿದ ಲವಣವನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಇರುವ ಫಿಲ್ಟರ್ ಬೇಕು. ಮೀಟರ್ ಇಟ್ಟರೆ ಟಿಡಿಎಸ್ ಸೊನ್ನೆ ತೋರಿಸಬೇಕು.

ಅಡುಗೆಮನೆಯ ಆರ್‌ಒ ಸಾಲದಾ ಅಂತ ಎಲ್ಲರೂ ಕೇಳುತ್ತಾರೆ. ಸಾಲದು. ಕುಡಿಯುವ ನೀರಿಗೆ ರುಚಿ ಇರಲಿ ಅಂತ ಅದರಲ್ಲಿ ಟಿಡಿಎಸ್ ಅಡ್ಜಸ್ಟರ್ ಅಥವಾ ಮಿನರಲ್ ಕಾರ್ಟ್ರಿಜ್ ಇಟ್ಟಿರುತ್ತಾರೆ. ಅಡ್ಜಸ್ಟರ್ ಶುದ್ಧ ಮಾಡಿದ ನೀರಿಗೆ ಮತ್ತೆ ಮೂಲ ನೀರನ್ನು ಬೆರೆಸುತ್ತದೆ, ಕಾರ್ಟ್ರಿಜ್ ಲವಣ ಸೇರಿಸುತ್ತದೆ. ಎರಡೂ ನಮಗೆ ಬೇಡ. ಫಿಲ್ಟರ್ ಹೊರಗೆ ಬಿಡುವ ನೀರನ್ನು ಬಕೆಟ್‌ನಲ್ಲಿ ಹಿಡಿದು ನೆಲ ಒರೆಸಲು ಇಟ್ಟುಕೊಳ್ಳಿ. ಈ ಊರಿನಲ್ಲಿ ಅದನ್ನು ಮೋರಿಗೆ ಬಿಡಲು ಮನಸ್ಸು ಬರುವುದಿಲ್ಲ.

ಇನ್ನು ಬಿಸಿಲು. ಏಪ್ರಿಲ್‌ನಲ್ಲಿ ಟಾಪ್ ಫ್ಲೋರ್ ಮನೆಯಲ್ಲಿ ಟ್ಯಾಂಕಿನ ನೀರು ಸುಲಭವಾಗಿ 30 ಡಿಗ್ರಿ ದಾಟುತ್ತದೆ. ಆದರೆ ನಮಗೆ ಒಂದು ಅನುಕೂಲ ಇದೆ. ಇಲ್ಲಿಯ ಬೇಸಿಗೆ ಗಾಳಿ ಒಣಗಾಳಿ. ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಇಟ್ಟರೆ ಆವಿಯಾಗುತ್ತಾ 2ರಿಂದ 3 ಡಿಗ್ರಿ ಇಳಿಯುತ್ತದೆ. ಮಂಗಳೂರಿನ ಸೆಕೆಯಲ್ಲಿ ಈ ಉಪಾಯ ಇಷ್ಟು ಚೆನ್ನಾಗಿ ನಡೆಯುವುದಿಲ್ಲ. ನೀರು ಆವಿಯಾದಾಗ ಉಪ್ಪು ಹಿಂದೆ ಉಳಿಯುತ್ತದೆ, ಆದ್ದರಿಂದ ಕಡಿಮೆಯಾದಷ್ಟು ಸಿಹಿನೀರನ್ನು, ಅಂದರೆ ಉಪ್ಪು ಬೆರೆಸದ ಆರ್‌ಒ ನೀರನ್ನು ದಿನಾ ಹಾಕಬೇಕು. ಫ್ಯಾನ್ ಓಡುವ ದಿನಗಳಲ್ಲಿ ನನ್ನ ಟ್ಯಾಂಕ್ ಒಂದು ಲೀಟರ್‌ಗಿಂತ ಜಾಸ್ತಿ ಕುಡಿಯುತ್ತದೆ. ಫ್ಲೋಟ್ ಸ್ವಿಚ್ ಇರುವ ಆಟೋ ಟಾಪ್‌ಅಪ್ ಹಾಕಿಸಿದರೆ ಎರಡು ದಿನ ಊರಿಗೆ ಹೋದರೂ ನಿಶ್ಚಿಂತೆ. ಎಸ್‌ಪಿ ರೋಡಿನಲ್ಲಿ ಹುಡುಕಿದರೆ ಸ್ವಿಚ್, ಸಣ್ಣ ಫ್ಯಾನ್ ಎರಡೂ ಸಿಗುತ್ತವೆ. ಡಿಸೆಂಬರ್, ಜನವರಿಯ ರಾತ್ರಿಗಳಿಗೆ ಹೀಟರ್ ಬೇಕು, ಮರೆಯಬೇಡಿ.

ಕರೆಂಟ್ ಹೋದರೆ ಮೊದಲು ಕೊರತೆಯಾಗುವುದು ಆಮ್ಲಜನಕಕ್ಕೆ. ಮನೆಯ ಇನ್ವರ್ಟರ್‌ಗೆ ವೇವ್‌ಮೇಕರ್, ಅಂದರೆ ನೀರನ್ನು ಅಲುಗಿಸುವ ಪಂಪ್, ಮಾತ್ರ ಸೇರಿಸಿ, ಹೀಟರ್ ಬೇಡ. ಬ್ಯಾಟರಿಯ ಏರ್ ಪಂಪ್ ಒಂದನ್ನು ಡ್ರಾಯರ್‌ನಲ್ಲಿ ಇಟ್ಟಿರಿ.

ಹೆಜ್ಜೆ 3: ಜಾತಿ ಆರಿಸುವುದು

ಪ್ರಪಂಚದಲ್ಲಿ ಸಾವಿರಕ್ಕೂ ಜಾಸ್ತಿ ಜಾತಿಯ ಸಮುದ್ರ ಅನೆಮೋನ್‌ಗಳಿವೆ. ಅದರಲ್ಲಿ ಕ್ಲೌನ್‌ಗಳಿಗೆ ಆಶ್ರಯ ಕೊಡುವುದು 10 ಜಾತಿಗಳು ಅಂತ ಲೆಕ್ಕ. ಕ್ಲೌನ್‌ಫಿಶ್ ಜಾತಿಗಳು ಸುಮಾರು 30. ಎಲ್ಲ ಮೀನೂ ಎಲ್ಲ ಅನೆಮೋನ್‌ಗೆ ಹೋಗುವುದಿಲ್ಲ. ಕ್ಲಾರ್ಕಿ ಕ್ಲೌನ್ ಹತ್ತರಲ್ಲೂ ಸಂಸಾರ ಮಾಡುತ್ತದೆ. ಮರೂನ್ ಕ್ಲೌನ್ ಒಂದೇ ಒಂದನ್ನು, ಅಂದರೆ ಬಬಲ್ ಟಿಪ್ ಅನ್ನು ಹಿಡಿದು ಕೂರುತ್ತದೆ. ನಮ್ಮಲ್ಲಿ ಎಲ್ಲರೂ ಸಾಕುವ ಕಿತ್ತಳೆ ಬಣ್ಣದ, ಮೂರು ಬಿಳಿ ಪಟ್ಟೆಯ ಒಸೆಲ್ಲಾರಿಸ್ ಸಮುದ್ರದಲ್ಲಿ ಇರುವುದು ಮ್ಯಾಗ್ನಿಫಿಕಾ, ಜೈಗ್ಯಾಂಟಿಯಾ, ಮೆರ್ಟೆನ್ಸಿ ಎಂಬ ಮೂರು ಅನೆಮೋನ್‌ಗಳಲ್ಲಿ.

ತೊಡಕು ಇರುವುದು ಇಲ್ಲೇ. ಆ ಮೂರರಲ್ಲಿ ಒಂದೂ ಸಣ್ಣ ಟ್ಯಾಂಕಿನಲ್ಲಿ ಸಾಕುವಂಥದ್ದಲ್ಲ.

ಮ್ಯಾಗ್ನಿಫಿಕಾ, ಅಂಗಡಿಯಲ್ಲಿ ರಿಟೆರಿ ಅನ್ನುತ್ತಾರೆ, ಒಂದು ಮೀಟರ್ ಅಗಲದವರೆಗೆ ಬೆಳೆಯುತ್ತದೆ. ನಮ್ಮ ಟ್ಯಾಂಕೇ ಎರಡು ಅಡಿ. ಬಂಡೆಯ ತುದಿಯಲ್ಲಿ, ಉರಿಬೆಳಕಿನಲ್ಲಿ, ಜೋರು ಸೆಳೆತದಲ್ಲಿ ಬಾಳುವ ಜೀವ ಅದು. ಜಾಗ ಹಿಡಿಸದಿದ್ದರೆ ಗಾಜಿನ ಮೇಲೆ ಹತ್ತಿಕೊಂಡು ಅಲೆಯುತ್ತದೆ. ಕಾಂಡದ ನೇರಳೆ ಬಣ್ಣಕ್ಕೆ ಯಾರಿಗಾದರೂ ಆಸೆಯಾಗುತ್ತದೆ, ಆದರೂ ಬೇಡ.

ಜೈಗ್ಯಾಂಟಿಯಾ, ಮೆರ್ಟೆನ್ಸಿ, ಹ್ಯಾಡೋನಿ, ಈ ಮೂರನ್ನೂ ಕಾರ್ಪೆಟ್ ಅನೆಮೋನ್ ಅನ್ನುತ್ತಾರೆ. ಜಮಖಾನ ಹಾಸಿದ ಹಾಗೆ ಗಿಡ್ಡ ಎಳೆಗಳು. ಹ್ಯಾಡೋನಿ ನಮ್ಮ ಮನ್ನಾರ್ ಕೊಲ್ಲಿಯದೇ. ಅಲ್ಲಿ ಅದರ ಜೊತೆ ಸೀಬೆ ಎಂಬ ಕಪ್ಪು ಕಂದು ಬಣ್ಣದ ಕ್ಲೌನ್ ಇರುತ್ತದೆ. ಕಾರ್ಪೆಟ್‌ಗಳ ಕುಟುಕು ಜೋರು. ರಾತ್ರಿ ದಾರಿ ತಪ್ಪಿದ ಗೋಬಿ, ಬ್ಲೆನ್ನಿಯಂಥ ಸಣ್ಣ ಮೀನು ಬೆಳಿಗ್ಗೆ ಕಾಣುವುದಿಲ್ಲ. ಬರಿಗೈಯಲ್ಲಿ ಮುಟ್ಟಿದರೆ ಎಳೆಗಳು ಚರ್ಮಕ್ಕೆ ಅಂಟಿಕೊಳ್ಳುತ್ತವೆ. ನಾಲ್ಕು, ಐದು ಅಡಿಯ ಟ್ಯಾಂಕ್ ಇದ್ದು, ಅದರಲ್ಲಿ ಬೇರೆ ಮೀನು ಕಡಿಮೆ ಇದ್ದರೆ ಯೋಚಿಸಬಹುದು.

ಕ್ರಿಸ್ಪಾ, ಅಂದರೆ 'ಸೀಬೆ ಅನೆಮೋನ್' ಅಂತ ನಾನು ಕೊಂಡ ಬಿಳಿಯದು. ಇದರ ಎಳೆಗಳ ತುದಿ ನೇರಳೆ ಇರುತ್ತದೆ, ಮೈ ಕಂದು ಇರಬೇಕು. ಕಂದು ಬಣ್ಣದ್ದು ಸಿಕ್ಕರೆ ಬದುಕುತ್ತದೆ, ಆದರೆ ಅರ್ಧ ಮೀಟರ್ ಅಗಲ ಆಗುತ್ತದೆ. ಬಿಳಿಯದು, ಪಾರದರ್ಶಕವಾದದ್ದು ಬೇಡವೇ ಬೇಡ. ಬಟ್ಟೆಗೆ ಹಾಕುವ ಹಾಗೆ ಬಣ್ಣ ಹಾಕಿ ಹಳದಿ, ಗುಲಾಬಿ ಮಾಡಿದ್ದನ್ನೂ ಮಾರುತ್ತಾರೆ. ನಿಂಬೆಹಣ್ಣಿನ ಹಳದಿ ಕಂಡರೆ ಅಲ್ಲಿಂದ ಹೊರಟುಬಿಡಿ.

ಉದ್ದ ಎಳೆಗಳ ಡೊರೀನ್ಸಿಸ್ ಮರಳಿನ ಜೀವ. ಕೆಂಪು ಕಾಂಡವನ್ನು ಮರಳಿನೊಳಗೆ ಇಳಿಸಿ ಟ್ಯಾಂಕಿನ ತಳಕ್ಕೆ ಪಾದ ಅಂಟಿಸುತ್ತದೆ. ಅದಕ್ಕೆ 10ರಿಂದ 12 ಸೆಂಟಿಮೀಟರ್ ಮರಳು ಬೇಕು. ಸಣ್ಣ ಟ್ಯಾಂಕಿನಲ್ಲಿ ಅಷ್ಟು ಮರಳು ಹಾಕಿದರೆ ನೀರಿಗೆ ಜಾಗವೇ ಉಳಿಯುವುದಿಲ್ಲ. ಕಾಂಡಿಲ್ಯಾಕ್ಟಿಸ್ ಅಂತ ಇನ್ನೊಂದನ್ನು ತೋರಿಸುತ್ತಾರೆ. ಅದು ಕೆರಿಬಿಯನ್ ಕಡಲಿನದು, ಆ ಕಡಲಿನಲ್ಲಿ ಕ್ಲೌನ್ ಮೀನೇ ಇಲ್ಲ.

ಉಳಿದದ್ದು ಬಬಲ್ ಟಿಪ್, ಎಂಟಾಕ್ಮಿಯಾ ಕ್ವಾಡ್ರಿಕಲರ್. ಸಣ್ಣ ರೀಫ್ ಟ್ಯಾಂಕಿಗೆ ನನ್ನ ಉತ್ತರ ಇದೊಂದೇ. ಕಾರಣ ಹೇಳುತ್ತೇನೆ. ಟ್ಯಾಂಕಿನಲ್ಲಿ ಇದು ಸಾಮಾನ್ಯವಾಗಿ 25ರಿಂದ 30 ಸೆಂಟಿಮೀಟರ್‌ಗೆ ನಿಲ್ಲುತ್ತದೆ. ಕಲ್ಲಿನ ಸಂದಿಯಲ್ಲಿ ಪಾದ ಇಡುತ್ತದೆ, ಆಳ ಮರಳು ಬೇಡ. ಮಧ್ಯಮ ಬೆಳಕು ಸಾಕು, ಪಾಚಿಗೆ ಉಪಯೋಗವಾಗುವ ಬೆಳಕನ್ನು ಅಳೆಯುವ ಪಾರ್ ಮೀಟರ್‌ನಲ್ಲಿ 100ರಿಂದ 200 ಇದ್ದರೆ ಆಯಿತು. ಎಲ್ಲಕ್ಕಿಂತ ದೊಡ್ಡ ಕಾರಣ, ಇದು ಟ್ಯಾಂಕಿನಲ್ಲೇ ತಾನಾಗಿ ಎರಡಾಗುತ್ತದೆ. ಹಾಗೆ ಎರಡಾದ ಮರಿ ಸಮುದ್ರವನ್ನೇ ನೋಡಿರುವುದಿಲ್ಲ. ಎಲ್‌ಇಡಿ ಬೆಳಕಿನಲ್ಲಿ, ಮಿಶ್ರಣದ ಉಪ್ಪುನೀರಿನಲ್ಲಿ ಬೆಳೆದಿರುತ್ತದೆ. ನಿಮ್ಮ ಟ್ಯಾಂಕ್ ಅದಕ್ಕೆ ಪರಕೀಯ ಅನ್ನಿಸುವುದಿಲ್ಲ.

ಒಸೆಲ್ಲಾರಿಸ್ ಸಮುದ್ರದಲ್ಲಿ ಬಬಲ್ ಟಿಪ್‌ಗೆ ಹೋಗುವುದಿಲ್ಲ, ಅದು ನಿಜ. ಟ್ಯಾಂಕಿನಲ್ಲಿ ಬಹಳ ಸಲ ಒಪ್ಪಿಕೊಳ್ಳುತ್ತದೆ. ಮರೂನ್, ಟೊಮ್ಯಾಟೊ ಕ್ಲೌನ್‌ಗಳಾದರೆ ತಕ್ಷಣ ಒಪ್ಪುತ್ತವೆ, ಆದರೆ ಅವು ದೊಡ್ಡದಾಗುತ್ತವೆ, ಜಗಳಗಂಟ ಮೀನುಗಳು. ಎರಡು ಅಡಿ ಟ್ಯಾಂಕಿಗೆ ಒಸೆಲ್ಲಾರಿಸ್ ಜೋಡಿಯೇ ಸರಿ.

ಬಬಲ್ ಟಿಪ್ ಅಂದ ಮೇಲೆ ತುದಿಯಲ್ಲಿ ಗುಳ್ಳೆ ಇರಲೇಬೇಕು ಅಂತೇನಿಲ್ಲ. ಇವತ್ತು ಗುಳ್ಳೆ, ಮುಂದಿನ ತಿಂಗಳು ಉದ್ದ ಎಳೆ. ಗುಳ್ಳೆ ಹೋಯಿತು ಅಂತ ಗಾಬರಿಯಾಗಬೇಡಿ. ಹಸಿರು, ಕಂದು, ಗುಲಾಬಿ ಬಣ್ಣಗಳಲ್ಲಿ ಹಸಿರು ಕಂದು ಮಿಶ್ರವಾದದ್ದು ಅಗ್ಗ. ಮೊದಲ ಸಲಕ್ಕೆ ಅದನ್ನೇ ತನ್ನಿ.

ಹೆಜ್ಜೆ 4: ಎಲ್ಲಿಂದ ತರಬೇಕು, ಏನು ನೋಡಬೇಕು

ಮೊದಲ ಆಯ್ಕೆ, ಊರಿನಲ್ಲೇ ರೀಫ್ ಟ್ಯಾಂಕ್ ಇಟ್ಟಿರುವ ಯಾರದ್ದಾದರೂ ಮನೆ. ಬಬಲ್ ಟಿಪ್ ಎರಡಾದಾಗ ಅವರೂ ಒಳ್ಳೆಯ ಮನೆ ಹುಡುಕುತ್ತಿರುತ್ತಾರೆ. ನನಗೆ ಈಗಿರುವ ಅನೆಮೋನ್ ಸಿಕ್ಕಿದ್ದು ಜಯನಗರದ ಗೆಳೆಯರೊಬ್ಬರಿಂದ. ಅದರ ತಾಯಿಯನ್ನು ಅವರ ಟ್ಯಾಂಕಿನಲ್ಲಿ ಕಣ್ಣಾರೆ ನೋಡಿ ಕೊಂಡೆ. ಯಾವ ಲೈಟು, ದಿನಕ್ಕೆ ಎಷ್ಟು ಗಂಟೆ, ಸಾಂದ್ರತೆ ಎಷ್ಟು ಎಂದು ಕೇಳಿ ಬರೆದುಕೊಂಡು ಬಂದೆ. ಅಂಗಡಿಯಿಂದ ತಂದರೆ ಈ ಯಾವ ಸಂಗತಿಯೂ ಗೊತ್ತಿರುವುದಿಲ್ಲ.

ಅಂಗಡಿಯಿಂದಲೇ ತರುವುದಾದರೆ, ಶಿವಾಜಿನಗರವೋ ಬೇರೆ ಕಡೆಯೋ, ಮೊದಲ ದಿನ ಸುಮ್ನೆ ನೋಡಿ ಬನ್ನಿ. ಒಂದು ವಾರ ಬಿಟ್ಟು ಮತ್ತೆ ಹೋಗಿ. ಅದೇ ಅನೆಮೋನ್ ಅಷ್ಟೇ ಅಗಲವಾಗಿ ಅರಳಿದ್ದರೆ ಮಾತ್ರ ಮಾತಾಡಿ. ನೀಲಿ ಲೈಟ್ ಆರಿಸಿ ಬಿಳಿ ಲೈಟಿನಲ್ಲಿ ತೋರಿಸಲು ಕೇಳಿ, ನಿಜವಾದ ಬಣ್ಣ ಆಗ ಕಾಣುತ್ತದೆ. ಬಾಯಿ ಬಿಗಿಯಾಗಿ ಮುಚ್ಚಿರಬೇಕು. ಬಾಯಿ ಬಿಟ್ಟುಕೊಂಡಿದ್ದರೆ, ಒಳಗಿನ ದಾರದಂಥದ್ದು ಹೊರಗೆ ಬಂದಿದ್ದರೆ ಬೇಡ. ಎಳೆಗಳು ಅಂಟಬೇಕು. ಅಂಗಡಿಯವರು ಕಡ್ಡಿಯಲ್ಲಿ ಒಂದು ಚೂರು ಸೀಗಡಿ ಮುಟ್ಟಿಸಿದರೆ ಕೂಡಲೇ ಹಿಡಿಯಬೇಕು. ಪಾದ ಎಲ್ಲಿಗಾದರೂ ಅಂಟಿಕೊಂಡಿರಬೇಕು, ಹರಿದಿರಬಾರದು. ಎಳೆ ಒಂದೆರಡು ತುಂಡಾಗಿದ್ದರೆ ಮತ್ತೆ ಬೆಳೆಯುತ್ತದೆ. ಪಾದ ಹರಿದರೆ ಉಳಿಯುವುದು ಕಷ್ಟ.

ಒಂದು ಎಚ್ಚರಿಕೆ. ಅನೆಮೋನ್ ಜೊತೆಗೆ "ಇದೇ ಲೈವ್ ರಾಕ್ ಸಮೇತ ತಗೊಳ್ಳಿ" ಅಂತ ಹವಳದ ಕಲ್ಲು ಕೊಡಲು ಬರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿ 2001ರಿಂದ ಗಟ್ಟಿ ಹವಳಗಳೆಲ್ಲ ಸೇರಿವೆ. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಸಿಮೆಂಟ್ ಅಥವಾ ಸೆರಾಮಿಕ್‌ನಲ್ಲಿ ಮಾಡಿದ ಕಲ್ಲು ತೆಗೆದುಕೊಳ್ಳಿ.

ಹೆಜ್ಜೆ 5: ಪಾದ ಬಿಡಿಸುವುದು

ಇದಕ್ಕೆ ತಾಳ್ಮೆ ಬೇಕು. ಎಳೆಯಬಾರದು, ಕೆರೆಯಬಾರದು. ಜಯನಗರದ ಮನೆಯಲ್ಲಿ ಗೆಳೆಯರು ಅನೆಮೋನ್ ಕೂತಿದ್ದ ಕಲ್ಲನ್ನು ಒಂದು ಟಬ್‌ನಲ್ಲಿ ಟ್ಯಾಂಕ್ ನೀರಿನಲ್ಲೇ ಇಟ್ಟರು. ಸಣ್ಣ ಪ್ಲಾಸ್ಟಿಕ್ ಕವರ್‌ನಲ್ಲಿ ಐಸ್ ಹಾಕಿ ಕಟ್ಟಿ, ಕಲ್ಲಿನ ಹಿಂಬದಿಗೆ, ಪಾದದ ಹತ್ತಿರ ಒತ್ತಿ ಹಿಡಿದರು. ಅನೆಮೋನ್ ಮೈಗೆ ತಾಗಿಸಲಿಲ್ಲ. ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಪಾದದ ಒಂದು ಅಂಚು ಕಾಗದದ ಮೂಲೆ ಮಗುಚಿದ ಹಾಗೆ ಸ್ವಲ್ಪ ಮೇಲೆದ್ದಿತು. ಅಲ್ಲಿಗೆ ಹೆಬ್ಬೆರಳಿನ ಮೆತ್ತನೆ ಭಾಗ ತೂರಿಸಿ ನಿಧಾನಕ್ಕೆ ಸರಿಸುತ್ತಾ ಹೋದರು. ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆ ಹಿಡಿಯುತ್ತಿತ್ತು. ಮತ್ತೆ ಐಸ್. ಒಟ್ಟು ಇಪ್ಪತ್ತೈದು ನಿಮಿಷ ಹಿಡಿಯಿತು. ಕೊನೆಗೆ ಪಾದ ಪೂರ್ತಿಯಾಗಿ, ಒಂದು ಗೀರೂ ಇಲ್ಲದೆ ಅವರ ಅಂಗೈಗೆ ಬಂತು.

ಅದು ಕೂತದ್ದು ಸಿಮೆಂಟ್ ಅಥವಾ ಸೆರಾಮಿಕ್ ಕಲ್ಲಿನ ಸಣ್ಣ ತುಂಡಾದರೆ ಕಲ್ಲು ಸಮೇತ ತರುವುದೇ ಲೇಸು. ಕವರ್‌ನಲ್ಲಿ ಅನೆಮೋನ್ ಒಂದೇ ಇರಲಿ, ಮೀನು ಜೊತೆಗೆ ಹಾಕಬೇಡಿ. ಥರ್ಮೋಕೋಲ್ ಡಬ್ಬದಲ್ಲಿ ಇಡಿ. ನಕ್ಷೆಯಲ್ಲಿ ಅರ್ಧ ಗಂಟೆ ಅಂದರೂ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಒಂದೂವರೆ ಗಂಟೆ ಆಗುತ್ತದೆ. ಭಾನುವಾರ ಬೆಳಿಗ್ಗೆ ಹೋಗಿ ಬಂದರೆ ಒಳ್ಳೆಯದು.

ಹೆಜ್ಜೆ 6: ಮನೆಗೆ ತಂದ ದಿನ

ಅನೆಮೋನ್ ತರುವ ಹಿಂದಿನ ದಿನವೇ ವೇವ್‌ಮೇಕರ್‌ಗೆ ಜಾಲರಿ ಅಥವಾ ಸ್ಪಂಜ್ ಕವರ್ ಹಾಕಿ. ಇದನ್ನು ನಾಳೆಗೆ ಬಿಡಬೇಡಿ. ಅಲೆದಾಡುವ ಅನೆಮೋನ್ ಪಂಪ್‌ನ ಬಾಯಿಗೆ ಸಿಕ್ಕಿದರೆ ಚೂರುಚೂರಾಗುತ್ತದೆ, ಆ ಚೂರುಗಳು ಕೊಳೆತು ಟ್ಯಾಂಕಿನಲ್ಲಿರುವ ಉಳಿದ ಜೀವಗಳಿಗೂ ಕುತ್ತು. ಜಾಲರಿ ಕಟ್ಟಿಕೊಳ್ಳುತ್ತದೆ, ವಾರಕ್ಕೊಮ್ಮೆ ತೊಳೆಯಿರಿ.

ಮೀನಿನ ಕಾಯಿಲೆಗೆ ಹಿಂದೆ ಯಾವತ್ತಾದರೂ ಆ ಟ್ಯಾಂಕಿನಲ್ಲಿ ತಾಮ್ರ ಇರುವ ಔಷಧಿ ಹಾಕಿದ್ದರೆ ಅನೆಮೋನ್ ತರಬೇಡಿ. ತಾಮ್ರ ಕಲ್ಲಿನಲ್ಲಿ, ಮರಳಿನಲ್ಲಿ ಸೇರಿಕೊಂಡು ನಿಧಾನಕ್ಕೆ ಬಿಡುತ್ತಾ ಇರುತ್ತದೆ. ಅನೆಮೋನ್‌ಗೆ ಅದು ವಿಷ.

ಕವರ್ ಅನ್ನು ಹದಿನೈದು ನಿಮಿಷ ಟ್ಯಾಂಕಿನಲ್ಲಿ ತೇಲಿಸಿ. ಆಮೇಲೆ ಬಕೆಟ್‌ಗೆ ಸುರಿದು, ಏರ್ ಟ್ಯೂಬ್‌ಗೆ ಗಂಟು ಹಾಕಿ, ಟ್ಯಾಂಕಿನ ನೀರು ಸೆಕೆಂಡಿಗೆ ಎರಡು ಮೂರು ಹನಿ ಬೀಳುವಂತೆ ಬಿಡಿ. ಒಂದರಿಂದ ಎರಡು ಗಂಟೆ. ಎರಡೂ ನೀರಿನ ಸಾಂದ್ರತೆ ಒಂದೇ ಆದಾಗ ನಿಲ್ಲಿಸಿ. ಬಕೆಟ್ ನೀರನ್ನು ಟ್ಯಾಂಕಿಗೆ ಹಾಕಬೇಡಿ.

ಜಾಗ ನೀವು ಮೊದಲೇ ತಯಾರು ಮಾಡಿರಬೇಕು. ಮುಖ್ಯ ಕಲ್ಲಿನ ರಾಶಿಯಿಂದ ಬೇರೆಯಾಗಿ, ನಡುವೆ ಮರಳು ಬಿಟ್ಟು, ಮುಷ್ಟಿಗಿಂತ ದೊಡ್ಡದಾದ ಒಂದು ಒಂಟಿ ಕಲ್ಲು ಇಡಿ. ಅದರಲ್ಲಿ ಎರಡು ಇಂಚಿನ ಆಳದ ಸಂದಿ ಇರಲಿ. ಬಬಲ್ ಟಿಪ್‌ಗೆ ಪಾದ ಕತ್ತಲಲ್ಲಿ, ಮುಖ ಬೆಳಕಿನಲ್ಲಿ ಇರಬೇಕು. ಆ ಸಂದಿ ಸಿಕ್ಕರೆ ಕೂರುತ್ತದೆ. ಮರಳು ದಾಟಿ ಹೋಗಲು ಅದಕ್ಕೆ ಅಷ್ಟಾಗಿ ಇಷ್ಟವಿಲ್ಲ, ಆದ್ದರಿಂದ ಒಂಟಿ ಕಲ್ಲಿನಲ್ಲೇ ನಿಲ್ಲುವ ಸಾಧ್ಯತೆ ಜಾಸ್ತಿ. ಮುಂದೆ ಜಾಗ ಬದಲಿಸಬೇಕಾದರೂ ಕಲ್ಲು ಎತ್ತಿ ಇಟ್ಟರೆ ಮುಗಿಯಿತು.

ಪಂಪ್ ಆಫ್ ಮಾಡಿ, ಪಾದ ಸಂದಿಯ ಮೇಲೆ ಬರುವಂತೆ ಇಟ್ಟು ಹದಿನೈದು ಇಪ್ಪತ್ತು ನಿಮಿಷ ಬಿಡಿ. ಹಿಡಿದ ಮೇಲೆ ಪಂಪ್ ಹಾಕಿ. ಲೈಟ್ ಮೊದಲ ದಿನ ಅರ್ಧಕ್ಕೆ ಇಳಿಸಿ, ಎರಡು ಮೂರು ವಾರದಲ್ಲಿ ನಿಧಾನವಾಗಿ ಏರಿಸಿ. ದಿನಕ್ಕೆ 8ರಿಂದ 10 ಗಂಟೆ ಸಾಕು.

ಹೆಜ್ಜೆ 7: ಅದು ನಡೆಯುತ್ತದೆ, ನಡೆಯಲಿ ಬಿಡಿ

ಬೆಳಿಗ್ಗೆ ಎದ್ದು ನೋಡಿದರೆ ನೀವಿಟ್ಟ ಜಾಗದಲ್ಲಿ ಇರುವುದಿಲ್ಲ. ಕಲ್ಲಿನ ಹಿಂದೆ ಹೋಗಿರುತ್ತದೆ, ಇಲ್ಲವೇ ಗಾಜು ಹತ್ತಿರುತ್ತದೆ. ಕಿತ್ತು ಮತ್ತೆ ಹಳೇ ಜಾಗಕ್ಕೆ ಇಡಬೇಡಿ. ಬೆಳಕು, ನೀರಿನ ಸೆಳೆತ ಎರಡೂ ಹೊಂದುವ ಜಾಗವನ್ನು ಅದೇ ಹುಡುಕುತ್ತಿದೆ. ಕತ್ತಲ ಕಡೆ ಹೋದರೆ ಬೆಳಕು ಜಾಸ್ತಿಯಾಗಿರಬಹುದು, ಮೇಲಕ್ಕೆ ಹತ್ತಿದರೆ ಕಡಿಮೆಯಾಗಿರಬಹುದು. ಒಂದು ವಾರ, ಎರಡು ವಾರ ನೋಡಿ. ದಾರಿಯಲ್ಲಿ ಹವಳವೋ, ಅದರ ಬಂಧುವಾದ ಜೊಆಂಥಿಡ್ಡೋ ಇದ್ದರೆ ಅವುಗಳನ್ನು ನೀವೇ ಪಕ್ಕಕ್ಕೆ ಸರಿಸಿ, ಅನೆಮೋನ್ ಮುಟ್ಟಿದರೆ ಅವು ಸುಡುತ್ತವೆ. ಸಣ್ಣ ಟ್ಯಾಂಕಿನಲ್ಲಿ, ನೀರಿಗೆ ಸೇರುವ ಬೇಡದ ವಸ್ತುಗಳನ್ನು ಹೀರುವ ಕಾರ್ಬನ್ ಚೀಲವನ್ನೂ ಹಾಕಿಟ್ಟಿರಿ. ತಿಂಗಳಾದರೂ ಅಲೆಯುವುದು ನಿಲ್ಲದಿದ್ದರೆ ಅನೆಮೋನ್ ಮೇಲೆ ತಪ್ಪು ಹೊರಿಸಬೇಡಿ, ನೀರು ಪರೀಕ್ಷೆ ಮಾಡಿ.

ದಿನದಲ್ಲಿ ಒಮ್ಮೊಮ್ಮೆ ಗಾಳಿ ಹೋದ ಬಲೂನಿನಂತೆ ಮುದುಡಿ, ಬಾಯಿಯಿಂದ ಕಂದು ಕಸ ಉಗುಳುತ್ತದೆ. ಅದು ಅದರ ಶೌಚ. ಕೆಲವು ಗಂಟೆಗಳಲ್ಲಿ ಮತ್ತೆ ಅರಳುತ್ತದೆ. ಎರಡು ಮೂರು ದಿನ ಮುದುಡಿಯೇ ಇದ್ದು, ಬಾಯಿ ತೆರೆದು, ಪಾದ ಬಿಟ್ಟು, ಎಳೆಗಳು ಜಾರಿ ಲೋಳೆಯಾಗುತ್ತಿದ್ದರೆ ಅದು ಬೇರೆ ಮಾತು. ಮೂಸಿ ನೋಡಿ. ವಾಸನೆ ಬಂದರೆ ಆ ಕ್ಷಣವೇ ಹೊರಗೆ ತೆಗೆದು, ಕಾಲು ಭಾಗ ನೀರು ಬದಲಿಸಿ. ನಾನು ಒಂದು ರಾತ್ರಿ ಕಾದು ನೋಡೋಣ ಅಂತ ಬಿಟ್ಟದ್ದಕ್ಕೇ ಮೀನನ್ನೂ ಕಳೆದುಕೊಂಡೆ.

ಹೆಜ್ಜೆ 8: ಊಟ

ಬೆಳಕು ಚೆನ್ನಾಗಿದ್ದರೆ ಅರ್ಧ ಊಟ ಅಲ್ಲೇ ಆಯಿತು. ಮೀನಿನ ಗಲೀಜೂ ಅದಕ್ಕೆ ಗೊಬ್ಬರ, ಅದರಲ್ಲಿರುವ ಸಾರಜನಕ ಒಳಗಿನ ಪಾಚಿಗೆ ಹೋಗುತ್ತದೆ. ಮೇಲೆ ವಾರಕ್ಕೆ ಒಂದು ಸಲ, ಬೆಳೆಸಬೇಕು ಅಂತಿದ್ದರೆ ಎರಡು ಸಲ, ಸೀಗಡಿಯ ಚೂರು ಕೊಡಿ. ಮಾರ್ಕೆಟ್ಟಿನ ಸೀಗಡಿಯ ಸಿಪ್ಪೆ ತೆಗೆದು, ಆರ್‌ಒ ನೀರಿನಲ್ಲಿ ತೊಳೆದು, ಬಟಾಣಿ ಕಾಳಿಗಿಂತ ಚಿಕ್ಕದಾಗಿ ಕತ್ತರಿಸಿ ಫ್ರೀಜರ್‌ನಲ್ಲಿಡಿ. ಮನೆಯಲ್ಲಿ ಮಾಂಸ ತರುವುದಿಲ್ಲ ಅನ್ನುವವರಿಗೆ ಮೀನಿಗೆ ಹಾಕುವ ಮುಳುಗುವ ಪೆಲ್ಲೆಟ್ ಒಂದೆರಡು ಸಾಕು.

ಉದ್ದ ಚಿಮ್ಮಟದಲ್ಲಿ ಚೂರು ಹಿಡಿದು ಎಳೆಗೆ ತಾಗಿಸಿ. ಮೊದಲು ಎರಡು ಎಳೆ ಅಂಟುತ್ತವೆ. ಆಮೇಲೆ ಅಕ್ಕಪಕ್ಕದವು ಒಂದೊಂದಾಗಿ ಬಾಗುತ್ತವೆ, ಅಂಗೈ ಮುಚ್ಚಿದ ಹಾಗೆ. ಒಂದೆರಡು ನಿಮಿಷದಲ್ಲಿ ನಡುವಿನ ಬಾಯಿ ಮೇಲೆದ್ದು ಚೂರನ್ನು ಒಳಗೆಳೆದುಕೊಳ್ಳುತ್ತದೆ. ದೊಡ್ಡ ತುಂಡು ಕೊಟ್ಟರೆ ರಾತ್ರಿ ಹಾಗೇ ಉಗುಳಿಬಿಡುತ್ತದೆ, ನೀರೂ ಕೆಡುತ್ತದೆ. ಕ್ಲೌನ್‌ಗಳು ಚೂರನ್ನು ಕಸಿದುಕೊಳ್ಳಲು ಬರುತ್ತವೆ. ಮೊದಲು ಅವುಗಳಿಗೆ ಊಟ ಹಾಕಿ, ಆಮೇಲೆ ಇದಕ್ಕೆ.

ಮೀನು ಹತ್ತಿರವೇ ಹೋಗದಿದ್ದರೆ

ಕೆಲವು ಮೀನು ಐದು ನಿಮಿಷದಲ್ಲಿ ಒಳಗೆ ಹೋಗುತ್ತವೆ. ಕೆಲವು ಆರು ತಿಂಗಳು ಪಂಪ್‌ನ ಪಕ್ಕದಲ್ಲೇ ಮಲಗುತ್ತವೆ. ನನ್ನ ಜೋಡಿ ಹನ್ನೊಂದು ವಾರ ತೆಗೆದುಕೊಂಡಿತು. ಮೊದಲು ಹೋದದ್ದು ದೊಡ್ಡದು, ಅಂದರೆ ಹೆಣ್ಣು. ಕ್ಲೌನ್‌ಗಳೆಲ್ಲ ಮೊದಲು ಗಂಡಾಗಿದ್ದು, ಗುಂಪಿನಲ್ಲಿ ದೊಡ್ಡದಾದದ್ದು ಹೆಣ್ಣಾಗುತ್ತದೆ. ಅದು ಬಾಲದ ಅಂಚು ತಾಗಿಸಿ ಹಿಂದೆ ಸರಿಯಿತು. ಮತ್ತೆ ಬಂದು ಹೊಟ್ಟೆ ತಾಗಿಸಿತು. ಮೈಮೇಲಿನ ಲೋಳೆ ಹೀಗೆ ಅನೆಮೋನ್‌ಗೆ ಹೊಂದಿಕೊಳ್ಳುತ್ತದೆ, ಆಮೇಲೆ ಕುಟುಕು ತಟ್ಟುವುದಿಲ್ಲ. ಎರಡು ದಿನ ಬಿಟ್ಟು ಬೆಳಿಗ್ಗೆ ಲೈಟ್ ಹಾಕಿದಾಗ ಎರಡೂ ಎಳೆಗಳ ನಡುವೆ ಮಲಗಿದ್ದವು.

ಬಲೆಯಲ್ಲಿ ಹಿಡಿದು ಅನೆಮೋನ್ ಮೇಲೆ ಬಿಡುವುದು, ಡಬ್ಬದಲ್ಲಿ ಎರಡನ್ನೂ ಕೂಡಿ ಹಾಕುವುದು ಬೇಡ. ಊಟವನ್ನು ಅನೆಮೋನ್ ಇರುವ ಕಡೆ ಹಾಕುತ್ತಾ ಬನ್ನಿ, ಅಷ್ಟು ಸಾಕು. ಅನೆಮೋನ್ ತೀರಾ ಚಿಕ್ಕದಿದ್ದು ಮೀನು ದೊಡ್ಡದಿದ್ದರೆ ಒಪ್ಪಿಕೊಂಡ ಮೇಲೂ ತೊಂದರೆ, ಮೀನು ಅದನ್ನು ಉಜ್ಜಿ ಉಜ್ಜಿ ಸುಸ್ತು ಮಾಡುತ್ತದೆ. ಅನೆಮೋನ್‌ನ ಅಗಲ ಮೀನಿನ ಉದ್ದದ ಎರಡರಷ್ಟಾದರೂ ಇರಲಿ.

ಎರಡಾದಾಗ

ವರ್ಷ ಎರಡು ವರ್ಷದಲ್ಲಿ ಒಂದು ದಿನ ಅನೆಮೋನ್ ಉದ್ದಕ್ಕೆ ಎಳೆದುಕೊಂಡು, ನಡುವೆ ಸೀಳಿ, ಎರಡಾಗುತ್ತದೆ. ಚೆನ್ನಾಗಿ ತಿಂದು ಬೆಳೆದೂ ಆಗಬಹುದು, ನೀರು ಕೆಟ್ಟು ಹೆದರಿಯೂ ಆಗಬಹುದು. ಆದ್ದರಿಂದ ಅವತ್ತೇ ಉಷ್ಣತೆ, ಸಾಂದ್ರತೆ ನೋಡಿ. ಸೀಳಿದ ಕಡೆ ಗಾಯ ಕೂಡಿ, ಎರಡರಲ್ಲೂ ಬಾಯಿ ನಡುವಿಗೆ ಬರುವವರೆಗೆ ಊಟ ಕೊಡಬೇಡಿ. ಸುಮಾರು ಒಂದೆರಡು ವಾರ ಬೇಕು. ಆಮೇಲೆ ಸಾಸಿವೆಯಷ್ಟು ಚೂರಿನಿಂದ ಶುರು ಮಾಡಿ.

ಎರಡು ಅಡಿ ಟ್ಯಾಂಕಿನಲ್ಲಿ ಎರಡಕ್ಕೂ ಜಾಗ ಸಾಲದು. ಮೀನುಗಳು ಯಾವುದರಲ್ಲಿ ಮಲಗುತ್ತವೋ ಅದನ್ನು ಉಳಿಸಿಕೊಳ್ಳಿ. ಇನ್ನೊಂದನ್ನು, ಅದು ಎರಡು ತಿಂಗಳು ತಿಂದು ಗಟ್ಟಿಯಾದ ಮೇಲೆ, ವರ್ಷ ದಾಟಿದ ಟ್ಯಾಂಕ್ ಇರುವವರಿಗೆ ಕೊಡಿ. ಕೊಡುವಾಗ ನಿಮ್ಮ ಲೈಟಿನ ಗಂಟೆ, ಸಾಂದ್ರತೆ, ಏನು ತಿನ್ನಿಸುತ್ತಿದ್ದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಥರ್ಮೋಕೋಲ್ ಡಬ್ಬದ ಮುಚ್ಚಳಕ್ಕೆ ಅಂಟಿಸಿ.